ನೆರೆ ಪರಿಹಾರ ಕೇಂದ್ರದಲ್ಲಿರುವವರಿಗೆಲ್ಲ ಮನೋವೈದ್ಯರು ಬೇಕೇ?

ಎಲ್ಲರಿಗೂ ಬೇಕಿಲ್ಲ. 2009ರಂಥ ನೆರೆ ಬಂದಾಗ ಸಿರುಗುಪ್ಪದ ಕಡೆ ಮನೆ ಕಳೆದುಕೊಂಡವರಿಗೆ ನಿದ್ದೆ ಬಾರದಿರುವುದು, ಮಾತು ಕಟ್ಟುವುದು ಸಹಜ. ಬಹುಪಾಲು ಮಂದಿಗೆ ಅದು ಕಾಯಿಲೆಯಲ್ಲ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ಚದುರಿದ ಮನೆಯವರನ್ನು ಸೇರಿಸಿ, ಪರಿಹಾರದ ಖಚಿತ ಮಾಹಿತಿ ಕೊಡಿ. ‘ಏನಾಯಿತು, ಪೂರ್ತಿ ಹೇಳಿ’ ಎಂದು ಮಾತ್ರ ಕೆದಕಬೇಡಿ (ಆ ಕೆಲಸಕ್ಕೆ ಟಿವಿಯವರು ಇದ್ದೇ ಇದ್ದಾರೆ). ಹಾಗೆ ಒತ್ತಾಯಿಸಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ.

ಸಾಯುವ ಮಾತಾಡುವವರಿಗೆ, ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳು ನೀರುಪಾಲಾದವರಿಗೆ ವೈದ್ಯರು ತಕ್ಷಣ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲುರಾತ್ರಿ ಸಿಗುತ್ತದೆ.

ಅಂದಹಾಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಕೊಡಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.