ಅಂಗಾಲು ಉರಿಗೆ ಗೋರಂಟಿ ಹಚ್ಚಿದರೆ ಸಾಕಾ?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಅವ್ವನಿಗೆ 56 ವರ್ಷ. ಮೂರು ತಿಂಗಳಿಂದ ರಾತ್ರಿ ಆದರೆ ಸಾಕು, ಎರಡೂ ಅಂಗಾಲು ಉರಿ ಅಂತಾಳೆ. ಹಿತ್ತಲಿನ ಗೋರಂಟಿ ಸೊಪ್ಪು ಅರೆದು ಹಚ್ಚಿಕೊಂಡರೆ ತಂಪಾಗುತ್ತದೆ, ಮತ್ತೆ ಶುರುವಾಗುತ್ತದೆ. ದಿನಾ ಹಚ್ಚಬಹುದಾ? ಬಾಣಂತನಕ್ಕೆ ಬಂದಿರುವ ತಂಗಿಯ ಕೂಸಿಗೂ ಹಚ್ಚೋಣ ಅಂತಾಳೆ. ಮುಂದಿನ ತಿಂಗಳು ಮನೆಯಲ್ಲಿ ಮದುವೆ, ಹುಡುಗಿಯರಿಗೆ ಕರಿ ಕೋನೇ ಬೇಕಂತೆ. ಏನು ಮಾಡಲಿ?

ಉತ್ತರ: ಮೊದಲು ಅವ್ವನ ಶುಗರ್ ಪರೀಕ್ಷೆ ಮಾಡಿಸಿ. ಗೋರಂಟಿ ಮಾತು ಆಮೇಲೆ.

ಗೋರಂಟಿ ತಂಪು ಅನ್ನುವುದು ಸುಳ್ಳಲ್ಲ. ಅರೆದ ಹಸಿ ಸೊಪ್ಪಿನ ನೀರು ಆರುವಾಗ ಚರ್ಮದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದಕ್ಕಿಂತ ಹಿತ ಇನ್ನೇನು ಬೇಕು? ಭತ್ತದ ನಾಟಿಗೆ ಹೋಗುವವರು ಕಾಲ್ಬೆರಳ ಸಂದಿಗೆ ಹಚ್ಚಿಕೊಳ್ಳುವುದಕ್ಕೂ ಅರ್ಥ ಇದೆ. ಕೆಸರಲ್ಲಿ ನೆನೆದು ಮೆತ್ತಗಾದ ಚರ್ಮವನ್ನು ಅದರ ಒಗರು ಬಿಗಿ ಮಾಡುತ್ತದೆ.

ಆದರೆ ಅವ್ವನ ಉರಿಯ ಲಕ್ಷಣ ಬೇರೆ. ಎರಡೂ ಕಾಲು, ರಾತ್ರಿ ಜಾಸ್ತಿ, ಅದೂ ತಿಂಗಳುಗಟ್ಟಲೆ. ಇಂಥ ಉರಿ ಎಷ್ಟೋ ಸಲ ಚರ್ಮದ್ದಲ್ಲ, ನರದ್ದು. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಹಾಳು ಮಾಡುತ್ತಾ ಬಂದಾಗ ಹೀಗೇ ಆಗುತ್ತದೆ. ಬಿ12 ಕೊರತೆ, ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆಯೂ ಕಾರಣ ಇರಬಹುದು. ಗೋರಂಟಿ ನರದವರೆಗೆ ಹೋಗುವುದಿಲ್ಲ. ಇನ್ನೊಂದು ಅಪಾಯವನ್ನು ಯಾರೂ ಯೋಚಿಸುವುದಿಲ್ಲ: ಅಂಗಾಲು ಕೆಂಪಗೆ ರಂಗೇರಿದ್ದರೆ ಅಲ್ಲಿ ಹೊಸದಾಗಿ ಕೆಂಪಾದದ್ದು, ಸಣ್ಣ ಗಾಯ ಕಣ್ಣಿಗೇ ಬೀಳುವುದಿಲ್ಲ. ನರ ಮಂಕಾದ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಹುಣ್ಣು ಬೆಳೆಯುವುದು ಹೀಗೆ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ರಕ್ತದಲ್ಲಿ ಶುಗರ್ 126 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆ ಹೌದೋ ಅಲ್ಲವೋ ಖಚಿತ ಮಾಡುತ್ತಾರೆ. ವೈದ್ಯರಿಗೆ ಕಾಲು ತೋರಿಸುವವರೆಗೆ ಗೋರಂಟಿ ನಿಲ್ಲಿಸಿ. ಆಮೇಲೆ, ಗಾಯ ಬಿರುಕು ಇಲ್ಲದಿದ್ದರೆ, ಯಾವಾಗಾದರೊಮ್ಮೆ ಹಚ್ಚಿಕೊಳ್ಳಲಿ. ದಿನಾ ಬೇಡ, ಚರ್ಮ ಒಣಗುತ್ತದೆ. ಸುಣ್ಣ, ಸೀಮೆ ಎಣ್ಣೆ ಬೆರೆಸುವುದಂತೂ ಬೇಡವೇ ಬೇಡ.

ಕೂಸಿಗೆ ಹಚ್ಚಲೇಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಗೋರಂಟಿ ಹಚ್ಚಿದರೆ ಕೆಂಪು ರಕ್ತಕಣ ಒಡೆದು, ಕಾಮಾಲೆಯಾಗಿ ಜೀವಕ್ಕೇ ಅಪಾಯ ಆಗಬಹುದು. ಯಾವ ಕೂಸಿಗೆ ಆ ಕೊರತೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ. ಅವ್ವನಿಗೆ ಇದನ್ನು ಬಿಡಿಸಿ ಹೇಳಿ, ಒಪ್ಪುತ್ತಾರೆ.

ಕರಿ ಕೋನ್ ಬಗ್ಗೆ: ನಿಜವಾದ ಗೋರಂಟಿ ಕರಿ ಬಣ್ಣ ಕೊಡುವುದಿಲ್ಲ. ಮೊದಲು ಕಿತ್ತಳೆ, ಒಂದೆರಡು ದಿನಕ್ಕೆ ಕಡುಗೆಂಪು. ಅರ್ಧ ಗಂಟೆಯಲ್ಲೇ ಕಪ್ಪಾಗುವ ಕೋನಿನಲ್ಲಿ ಕೂದಲ ಡೈಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುವುದೇ ಹೆಚ್ಚು. ಅದರಿಂದ ಗುಳ್ಳೆ ಎದ್ದು ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಆದರೆ ಮುಂದೆ ಕೂದಲಿಗೆ ಡೈ ಹಚ್ಚಿದಾಗಲೂ ಕಾಡುತ್ತದೆ. ನಿಮ್ಮ ಹಿತ್ತಲ ಸೊಪ್ಪನ್ನೇ ಸ್ವಲ್ಪ ಹುಣಸೆಹಣ್ಣು ಹಾಕಿ ನುಣ್ಣಗೆ ಅರೆಯಿರಿ. ಮದುವೆಗೆ ಎರಡು ದಿನ ಮೊದಲು ಸಂಜೆ ಹಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಉದುರಿಸಿ, ಆ ದಿನ ಸೋಪು ಮುಟ್ಟದಿದ್ದರೆ ಬಣ್ಣ ಚೆನ್ನಾಗಿ ಕೂರುತ್ತದೆ.