ಮೊದಲ ಎರಡು ವಾರ ಸುಮ್ನೆ ಇರಿ

ಪ್ರಶ್ನೆ: ಮಾಸ್ಟ್ರಿಗೆ ನಮಸ್ಕಾರ. ನಮಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹುಷಾರು. ಸಣ್ಣವನು ಈ ಜೂನ್‌ನಲ್ಲಿ ಮೂರನೇ ಕ್ಲಾಸಿಗೆ. ಲೆಕ್ಕ ಅಂದರೆ ಅಳುತ್ತಾನೆ. ಪ್ರತಿ ವರ್ಷ ಶಾಲೆ ತೆರೆದ ದಿನವೇ ನಾನು ಹೋಗಿ, "ಇವನು ಸ್ವಲ್ಪ ವೀಕು, ನೋಡಿಕೊಳ್ಳಿ" ಎಂದು ಟೀಚರಿಗೆ ಹೇಳಿ ಬರುತ್ತೇನೆ. ಆದರೂ ಮಾರ್ಕು ಏರುವುದಿಲ್ಲ. ನಮ್ಮ ಅತ್ತೆಯಂತೂ "ಇವ ಹೋಟೆಲಿಗೇ ಸೈ" ಅನ್ನುತ್ತಾರೆ. ಬೇರೆಯವರ ಮಾತಿನಿಂದ ಮಗು ನಿಜವಾಗಿ ಹಿಂದೆ ಬೀಳುತ್ತದಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ನಿಮ್ಮ ಅತ್ತೆಯವರ ಮಾತಿಗಿಂತ ನಿಮ್ಮ ಮಾತೇ ನನಗೆ ಜಾಸ್ತಿ ಚಿಂತೆ ಹಚ್ಚಿತು. ಬೇಜಾರು ಮಾಡಿಕೊಳ್ಳಬೇಡಿ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

1979ರಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಕನ್ನಡ ರಾತ್ರಿಶಾಲೆಗೆ ಮಾಸ್ಟ್ರಾಗಿ ಸೇರಿದೆ. ಮಕ್ಕಳೆಲ್ಲ ಹೋಟೆಲಿನವರೇ. ಬೆಳಿಗ್ಗೆ ಐದಕ್ಕೆ ಎದ್ದು ದುಡಿದು, ಸಂಜೆ ಏಳಕ್ಕೆ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಮೈಗೆ ಸೋಪಿನ ಪುಡಿ, ಸಾಂಬಾರಿನ ವಾಸನೆ. ಎಂಟನೇ ಕ್ಲಾಸಿನಲ್ಲಿ ಇಬ್ಬರಿಗೆ ಒಂದೇ ಹೆಸರು. ಇಬ್ಬರೂ ಕುಂದಾಪುರ ಕಡೆಯವರು. ನನಗಿಂತ ಮೊದಲು ಇದ್ದ ಮಾಸ್ಟ್ರು ಹೋಗುವಾಗ ಆ ಹೆಸರು ಹೇಳಿ, "ಲೆಕ್ಕದಲ್ಲಿ ಭಾರಿ ಚುರುಕು, ಬಿಡಬೇಡಿ" ಅಂದಿದ್ದರು. ಎದುರು ಬೆಂಚಿನವನೇ ಇರಬೇಕು ಎಂದುಕೊಂಡೆ.

ಅವನಿಗೆ ನಾನು ವಿಶೇಷ ಏನೂ ಮಾಡಲಿಲ್ಲ. ಬೋರ್ಡಿನ ಹತ್ತಿರ ತಪ್ಪಿದರೆ, ಪಾಪ, ಇವತ್ತು ಸುಸ್ತಾಗಿದೆ ಎಂದು ಕಾಯುತ್ತಿದ್ದೆ. ಇನ್ನೊಬ್ಬ ತಪ್ಪಿದರೆ ಚಾಕ್‌ಪೀಸ್ ವಾಪಸ್ ತಗೊಂಡು ಪಕ್ಕದವನನ್ನು ಕರೆಯುತ್ತಿದ್ದೆ. ಅಷ್ಟೇ. ಅಕ್ಟೋಬರಿನ ಪರೀಕ್ಷೆಯಲ್ಲಿ ಎದುರು ಬೆಂಚಿನವನಿಗೆ ಬೀಜಗಣಿತದಲ್ಲಿ 61 ಬಂತು.

ದೀಪಾವಳಿಗೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ಹಳೆಯ ಮಾಸ್ಟ್ರು ಸಿಕ್ಕರು. "ಹೇಗಿದ್ದಾನೆ ನಮ್ಮ ಗಲ್ಲಾದ ಹುಡುಗ?" ಎಂದು ಕೇಳಿದರು. ನನ್ನವನು ಗಲ್ಲಾದಲ್ಲಿ ಕೂರುವವನಲ್ಲ, ಕಪ್ಪು ತೊಳೆಯುವವನು! ಗಲ್ಲಾದ ಹುಡುಗ ಹಿಂದಿನ ಬೆಂಚಿನಲ್ಲಿದ್ದ. ಜೂನ್‌ನಲ್ಲಿ ಕೈ ಎತ್ತುತ್ತಿದ್ದವನು ಯಾವಾಗ ನಿಲ್ಲಿಸಿದನೋ ನಾನು ಗಮನಿಸಿರಲೇ ಇಲ್ಲ. ಮಾರ್ಚಿಗೆ ಮೊದಲೇ ಶಾಲೆ ಬಿಟ್ಟ. ಹೋಟೆಲಿನಲ್ಲಿ ಅವನ ಪಾಳಿಯೂ ಬದಲಾಗಿತ್ತು, ಎಲ್ಲ ನನ್ನಿಂದಲೇ ಆಯಿತು ಅನ್ನಲಾರೆ. ಆದರೂ ಆ ಹೆಸರು ಎಲ್ಲಿ ಕೇಳಿದರೂ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಾನು ಗೊತ್ತಿಲ್ಲದೆ ಮಾಡಿದ್ದನ್ನು ಅಮೆರಿಕದಲ್ಲಿ ಬೇಕೆಂದೇ ಮಾಡಿ ನೋಡಿದ್ದರು. ರಾಬರ್ಟ್ ರೊಸೆಂಥಾಲ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಲೆನೋರ್ ಜೇಕಬ್ಸನ್ ಎಂಬ ಶಾಲಾ ಮುಖ್ಯಸ್ಥೆ. ಕ್ಯಾಲಿಫೋರ್ನಿಯಾದ ಒಂದು ಶಾಲೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳ ಹೆಸರು ಕೊಟ್ಟು, "ಇವರು ಈ ವರ್ಷ ಅರಳುತ್ತಾರೆ" ಎಂದು ಟೀಚರುಗಳಿಗೆ ಹೇಳಿದರು. ಹೆಸರು ಆರಿಸಿದ್ದು ಚೀಟಿ ಎತ್ತಿದ ಹಾಗೆ. ವರ್ಷದ ಕೊನೆಗೆ ಒಂದು, ಎರಡನೇ ಕ್ಲಾಸಿನಲ್ಲಿ ಆ ಮಕ್ಕಳ ಬುದ್ಧಿಪರೀಕ್ಷೆಯ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. ಮೇಲಿನ ಕ್ಲಾಸುಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. 1968ರಲ್ಲಿ ಇದು ಪ್ರಕಟವಾದಾಗ ದೊಡ್ಡ ಜಗಳವೇ ಆಯಿತು.

ನಿಮಗೆ ಬೇಕಾದದ್ದು ಆಮೇಲಿನದು. 1984ರಲ್ಲಿ ಸ್ಟೀಫನ್ ರಾಡೆನ್‌ಬುಶ್ ಎಂಬ ಸಂಶೋಧಕರು ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಟೀಚರು ಮಗುವನ್ನು ಎರಡು ವಾರಕ್ಕಿಂತ ಜಾಸ್ತಿ ನೋಡಿ ಆಗಿದ್ದರೆ, ಆಮೇಲೆ ಯಾರು ಏನು ಹೇಳಿದರೂ ಹೆಚ್ಚುಕಮ್ಮಿ ಏನೂ ಆಗಿರಲಿಲ್ಲ. ಕಣ್ಣಿನಿಂದ ಕಂಡದ್ದನ್ನೇ ಅವರು ನಂಬುತ್ತಿದ್ದರು. ಮಾತು ನಾಟುವುದು ಮಗುವಿನ ಪರಿಚಯ ಆಗುವ ಮೊದಲು. ಅಂದರೆ ನೀವು ಪ್ರತಿ ವರ್ಷ ಹೋಗುವ ಆ ದಿನವೇ, ಅಲ್ವಾ?

ಹಾಗಾಗಿ ಈ ಜೂನ್‌ನಲ್ಲಿ ಹೋಗಬೇಡಿ. ಹೊಸ ಟೀಚರು ಅವನನ್ನು ಅವರಷ್ಟಕ್ಕೆ ನೋಡಲಿ. ತಿಂಗಳಾದ ಮೇಲೆ ಹೋಗಿ, ಆದರೆ "ವೀಕು" ಎಂಬ ಮಾತು ಬೇಡ. "ಪಕ್ಕದಿಂದ ಸಾಲ ತಗೊಂಡು ಕಳೆಯುವ ಲೆಕ್ಕದಲ್ಲಿ ನಿಂತುಬಿಡುತ್ತಾನೆ" ಎಂದು ಎಲ್ಲಿ ತೊಡಕೋ ಅದನ್ನಷ್ಟೇ ಹೇಳಿ. ಒಮ್ಮೆ ಕಣ್ಣನ್ನೂ ತೋರಿಸಿ. ಬೋರ್ಡು ಸರಿಯಾಗಿ ಕಾಣದೆ ದಡ್ಡ ಅನ್ನಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಹಾಗಂತ "ನೀನು ಜಾಣ, ನೀನು ಜಾಣ" ಎಂದು ದಿನಾ ಹೊಗಳಬೇಡಿ. ಅದು ಮಂತ್ರವಲ್ಲ, ಮಗ್ಗಿ ಬಾಯಿಪಾಠ ಆಗಲೇಬೇಕು. ಕಾಯುವುದನ್ನು ಮಾತ್ರ ಕಲಿಯಿರಿ. ಮೇರಿ ಬಡ್ ರೋ ಎಂಬವರು ಕ್ಲಾಸಿನ ಮಾತನ್ನು ಟೇಪ್ ಮಾಡಿ ಕೇಳಿದಾಗ, ಟೀಚರುಗಳು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದು ಸೆಕೆಂಡ್ ಅಷ್ಟೇ ಎಂದು ಗೊತ್ತಾಯಿತು. ದಡ್ಡ ಎಂದುಕೊಂಡ ಮಗುವಿಗೆ ಅದಕ್ಕಿಂತಲೂ ಕಮ್ಮಿ. ನಿಮ್ಮ ಮನೆಯಲ್ಲಿ ಸಣ್ಣವನು ಬಾಯಿ ತೆರೆಯುವ ಮೊದಲೇ ದೊಡ್ಡವನು ಉತ್ತರ ಹೇಳಿಬಿಡುತ್ತಾನಾ, ಒಂದು ಸಂಜೆ ಗಮನಿಸಿ.

ಇನ್ನು ಅತ್ತೆಯವರು. ಹೋಟೆಲಿನಲ್ಲಿ ಲೆಕ್ಕ ಬಾರದವನನ್ನು ಗಲ್ಲಾದ ಹತ್ತಿರವೂ ಬಿಡುವುದಿಲ್ಲ ಎಂದು ನಾನು ಹೇಳಿದೆ ಅನ್ನಿ. ತರಕಾರಿಗೆ ಹೋಗುವಾಗ ಅವರೇ ಇವನನ್ನು ಕರೆದುಕೊಂಡು ಹೋಗಲಿ, ಚಿಲ್ಲರೆ ಇವನೇ ಎಣಿಸಲಿ. ತಪ್ಪಿದರೆ ಎರಡು ರೂಪಾಯಿ ಹೋದೀತು. ಹೋಗಲಿ.