ಲಾನ್ ಬದಲಿಗೆ ಕಡಿಮೆ ನೀರಲ್ಲಿ ವರ್ಷಪೂರ್ತಿ ಹಸಿರಾಗಿರುವ ಗಿಡ ಯಾವುದು, ಬೆಳೆಸುವುದು ಹೇಗೆ?

ಚಿತ್ರದುರ್ಗದ ಕೆಂಪು ಮಣ್ಣು, ಮನೆ ಮುಂದೆ 20×15 ಅಡಿ ಬಿಸಿಲು ಜಾಗ, ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಸಾಲದು, ಹಾಕಿದ ಲಾನ್ ಎರಡು ಸಲ ಒಣಗಿತು ಎಂದು ಬರೆದಿದ್ದೀರಿ. ನಿಮ್ಮ ಜಾಗಕ್ಕೆ ನಾನು ಹೇಳುವುದು ನೆಲಹಿಪ್ಪಲಿ (ಫೈಲಾ ನೋಡಿಫ್ಲೋರಾ). ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ತೋರಿಸಿದರೆ ದಯವಿಟ್ಟು ಬೇಡ ಎನ್ನಿ. ಅದು ಮಧ್ಯ ಅಮೆರಿಕದ ಕಡೆಯದು, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ನೆಲಹಿಪ್ಪಲಿ ನಮ್ಮ ಕೆರೆ ಅಂಚು, ಕಾಲುವೆ ಬದುಗಳಲ್ಲೇ ಸಿಗುತ್ತದೆ. ಎಲೆ ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ, ಮೇಲಿನ ಅರ್ಧಕ್ಕೆ ಮಾತ್ರ ಗರಗಸದ ಹಲ್ಲು. ಉದ್ದ ತೊಟ್ಟಿನ ತುದಿಯಲ್ಲಿ ಕಪ್ಪು ನೇರಳೆ ಗುಂಡು, ಅದರ ಸುತ್ತ ಬಿಳಿ-ಗುಲಾಬಿ ಹೂಗಳ ಉಂಗುರ.

ನೆಡುವುದಕ್ಕಿಂತ ನೆಲ ಹದ ಮಾಡುವುದರಲ್ಲಿ ಹೆಚ್ಚು ಶ್ರಮ ಹಾಕಿ. ಈ ಗಿಡ ಸೋಲುವುದು ಬರಕ್ಕಿಂತ ಹೆಚ್ಚಾಗಿ ಗರಿಕೆಗೆ ಮತ್ತು ಕೊನ್ನಾರಿ ಗಡ್ಡೆಗೆ. ಒಮ್ಮೆ ಹಬ್ಬಿದ ಮೇಲೆ ಅದರೊಳಗಿಂದ ಗರಿಕೆ ಬಿಡಿಸುವುದು ಆಗದ ಮಾತು. ಹಳೆಯ ಲಾನ್ ಬೇರುಸಹಿತ ತೆಗೆದು, 6 ಇಂಚು ಅಗೆದು, ಗಡ್ಡೆಗಳನ್ನು ಕೈಯಿಂದ ಆರಿಸಿ. ನೀರು ಹಾಯಿಸಿ ಮೂರು ವಾರ ಬಿಡಿ. ಉಳಿದ ಕಳೆ ಮೊಳೆಯುತ್ತದೆ, ಅದನ್ನೂ ಕಿತ್ತು ಮತ್ತೆ ಅಗೆಯಿರಿ. ಕೊನ್ನಾರಿ ಹಠಮಾರಿ, ಇನ್ನೊಂದು ಸುತ್ತು ಬೇಕಾದೀತು. ಆಮೇಲೆ ಕೊಳೆತ ಕೊಟ್ಟಿಗೆ ಗೊಬ್ಬರ 10 ಚದರ ಅಡಿಗೆ ಒಂದು ಬಾಂಡ್ಲಿ, ಜಾಗಕ್ಕೆಲ್ಲ ಸೇರಿ 5 ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಹಿಂಡಿ ಹಾಕುವುದು ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವನ್ನು ತಡೆಯಲು. ಮರಳು ಮಿಶ್ರಿತ ಮಣ್ಣಿನಲ್ಲಿ ಅದರ ಕಾಟ ಈ ಗಿಡಕ್ಕೆ ಹೆಚ್ಚು.

ಜೂನ್‌-ಜುಲೈನಲ್ಲಿ, ಮುಂಗಾರು ಹಿಡಿದ ಮೇಲೆ ನೆಡಿ. 5 ಇಂಚಿನ ಬಳ್ಳಿ ತುಂಡು, ಮೂರು-ನಾಲ್ಕು ಗೆಣ್ಣು ಇರಲಿ. ಎರಡು ಗೆಣ್ಣು ಮಣ್ಣೊಳಗೆ ಹೋಗಬೇಕು, ಬೇರು ಬರುವುದು ಅಲ್ಲಿಂದಲೇ. ಅಡಿಗೊಂದರಂತೆ 300 ತುಂಡು ಬೇಕು. ಕೆರೆಯಿಂದ ತಂದದ್ದಾದರೆ ಚೆನ್ನಾಗಿ ತೊಳೆದು, ಅಂಟಿದ ಹುಲ್ಲು ತೆಗೆದು, ಅಂದೇ ನೆಡಿ.

ಮಳೆ ಇಲ್ಲದಿದ್ದರೆ ಎರಡು ವಾರ ದಿನಾ ನೀರು, ಮತ್ತೆರಡು ವಾರ ದಿನ ಬಿಟ್ಟು ದಿನ, ನಂತರ ವಾರಕ್ಕೊಮ್ಮೆ. ಮೂರು-ನಾಲ್ಕು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅಲ್ಲಿಯವರೆಗೆ ಕಳೆ ಕೀಳುವುದನ್ನು ಬಿಡಬೇಡಿ. ಮುಂದಿನ ಬೇಸಿಗೆಗೆ 10-15 ದಿನಕ್ಕೊಮ್ಮೆ ಸುಮಾರು 700 ಲೀಟರ್ ಸಾಕು, ಅಂದರೆ ಇಡೀ ಜಾಗಕ್ಕೆ ಒಂದು ಇಂಚು ನೀರು. ದಿನಾ ಚಿಮುಕಿಸಬೇಡಿ. ಹಾಗೆ ಮಾಡಿದರೆ ಬೇರು ಮೇಲೇ ಉಳಿಯುತ್ತದೆ, ಬರ ತಡೆಯುವ ಗುಣವೇ ಹೋಗುತ್ತದೆ. ನೀರು ಕೊಡುವುದೇ ಪೂರ್ತಿ ನಿಂತರೆ ಎಲೆ ಕಂದಾಗಿ ಉದುರಬಹುದು; ಬೇರು ಆಳಕ್ಕೆ ಹೋಗಿದ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಮರದ ನೆರಳಲ್ಲಿ ಬಳ್ಳಿ ಉದ್ದವಾಗಿ ಎಳೆದು ನೆಲ ಕಾಣಿಸುತ್ತದೆ, ಅಲ್ಲಿ ಹಾಕಬೇಡಿ. ನಡುವೆ ಬೋಳು ಮಚ್ಚೆ ಬಿದ್ದರೆ ಒಂದು ಬುಡ ಕಿತ್ತು ನೋಡಿ. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳು. ಆ ಭಾಗ ತೆಗೆದೆಸೆದು ಹೊಸ ಮಣ್ಣು ತುಂಬಿಸಿ ನೆಡಿ. ಬೇರು ಕೊಳೆತಿದ್ದರೆ ನೀರು ಹೆಚ್ಚಾಗಿದೆ. ಎರಡೂ ಅಲ್ಲ, ಬರೀ ಒಣ ಕಡ್ಡಿ ಸೇರಿಕೊಂಡಿದ್ದರೆ 2 ಇಂಚಿಗೆ ಕತ್ತರಿಸಿ. ವರ್ಷಕ್ಕೆ ಎರಡು-ಮೂರು ಸಲ ಕತ್ತರಿಸುತ್ತಿದ್ದರೆ ಈ ತೊಂದರೆ ಬರುವುದಿಲ್ಲ. ಅಪರೂಪಕ್ಕೆ ಓಡಾಡಿದರೆ ತಡೆಯುತ್ತದೆ, ಮಕ್ಕಳ ಕ್ರಿಕೆಟ್‌ಗೆ ತಡೆಯದು.

ಹೂ ಬಿಟ್ಟಾಗ ಜೇನ್ನೊಣ ತುಂಬಾ ಬರುತ್ತವೆ. ನನಗೆ ಇದೇ ಈ ಗಿಡದ ದೊಡ್ಡ ಲಾಭ. ಆದರೆ ಮಕ್ಕಳು ಬರಿಗಾಲಲ್ಲಿ ಆಡುವ ಕಡೆ ಹೂ ಹೋಗುವಷ್ಟು ಕತ್ತರಿಸಿಬಿಡಿ, ಉಳಿದ ಅಂಚು ಜೇನ್ನೊಣಗಳಿಗೆ ಇರಲಿ. ಗೆಣ್ಣುಗೆಣ್ಣಿಗೂ ಬೇರು ಬಿಡುವುದರಿಂದ ಆಚೆ ಹಬ್ಬದಂತೆ ಸುತ್ತ 4 ಇಂಚು ಆಳಕ್ಕೆ ಕಲ್ಲು ಹೂಳಿ. ಕತ್ತರಿಸಿದ ಬಳ್ಳಿಯನ್ನು ಚರಂಡಿಗೆ ಹಾಕದೆ ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಗೊಬ್ಬರ ಗುಂಡಿಗೆ ಹಾಕಿ.